ಚಳಿಗಾಲದಲ್ಲಿ ಕೈತೋಟದ ಹಕ್ಕಿಗಳನ್ನು ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಊರಂಚಿನ ಬಡಾವಣೆಯ ಒಂದು ಸಣ್ಣ ತೋಟ, ಅದಕ್ಕೆ ತೆರೆದುಕೊಂಡ ಒಂದು ಕಿಟಕಿ ಇದ್ದರೆ ಸಾಕು. ಹೊಸದಾಗಿ ಶುರು ಮಾಡುವವರು ಸಾಮಾನ್ಯವಾಗಿ ಕಾಳಿನ ಬಗ್ಗೆಯೇ ಮೊದಲು ಕೇಳುತ್ತಾರೆ. ನಮ್ಮ ಪ್ರಕಾರ ಮೊದಲು ಬರಬೇಕಾದ್ದು ನೀರು, ಮರೆ, ಶುಚಿತ್ವ. ಕಾಳಿನ ಸರದಿ ಆಮೇಲೆ.

ಹಕ್ಕಿ ನೋಡಲು ಚಳಿಗಾಲವೇ ಏಕೆ ಒಳ್ಳೆಯದು?

ಎಲೆ ಉದುರಿಸುವ ಮರಗಳು ಈಗ ಬೋಳಾಗಿರುತ್ತವೆ. ಬೇಸಿಗೆಯಲ್ಲಿ ದನಿ ಮಾತ್ರ ಕೇಳಿಸುತ್ತಿದ್ದ ಹಕ್ಕಿ ಈಗ ಕಣ್ಣಿಗೆ ಬೀಳುತ್ತದೆ. ಹಗಲು ಚಿಕ್ಕದು, ಹಸಿವು ದೊಡ್ಡದು, ಹೀಗಾಗಿ ಹಕ್ಕಿಗಳು ಬೆಳಕಿರುವಷ್ಟೂ ಹೊತ್ತು ಮೇವು ಹುಡುಕುತ್ತಲೇ ಇರುತ್ತವೆ. ಮರಿ ಮಾಡುವ ಕಾಲದಲ್ಲಿ ಜೋಡಿಜೋಡಿಯಾಗಿ ಅಲ್ಲಲ್ಲಿ ಚದುರಿದ್ದವು ಈಗ ಗುಂಪು ಕಟ್ಟಿ ತಿರುಗುತ್ತವೆ. ಜತೆಗೆ ವಲಸಿಗರೂ ಬಂದಿರುತ್ತಾರೆ. ಹಿಮ ಬೀಳುವ ನಾಡಿನಲ್ಲಿ ಇನ್ನೂ ಉತ್ತರದಿಂದ ಬಂದವು, ಬೆಚ್ಚಗಿನ ನಾಡಿನಲ್ಲಿ ಸಾವಿರಾರು ಕಿಲೋಮೀಟರ್ ಹಾರಿ ಬಂದ ಸಿಪಿಲೆ, ಉಲಿಯಕ್ಕಿ, ನೊಣಹಿಡುಕಗಳು. ಚಳಿ ಹೆಸರಿಗಷ್ಟೇ ಇರುವ ಊರುಗಳಲ್ಲೂ ಹೊಸ ಹಕ್ಕಿಗಳು ಕಾಣಸಿಗುವ ಕಾಲ ಇದೇ.

ದಿನದ ಯಾವ ಹೊತ್ತಿನಲ್ಲಿ ನೋಡಬೇಕು?

ಬೆಳಕು ಹರಿದ ಮೇಲಿನ ಎರಡು ಗಂಟೆ, ಸೂರ್ಯ ಮುಳುಗುವ ಮುಂಚಿನ ಒಂದೂವರೆ ಗಂಟೆ. ಇದಕ್ಕೆ ಕಾರಣವಿದೆ. ಚೇಕಡಿಯಷ್ಟು ಪುಟ್ಟ ಹಕ್ಕಿ ಚಳಿಗಾಲದ ಒಂದು ರಾತ್ರಿ ಕಳೆಯುವಷ್ಟರಲ್ಲಿ ತನ್ನ ತೂಕದ ಶೇ. 5ರಿಂದ 10ರಷ್ಟನ್ನು ಕಳೆದುಕೊಳ್ಳಬಹುದು. ಹಗಲಲ್ಲಿ ಕೂಡಿಟ್ಟ ಕೊಬ್ಬನ್ನು ರಾತ್ರಿಯಿಡೀ ಉರಿಸಿಯೇ ಅದು ಮೈ ಬೆಚ್ಚಗಿಟ್ಟುಕೊಳ್ಳುತ್ತದೆ. ಬೆಳಗ್ಗೆ ಕಳೆದದ್ದನ್ನು ತುಂಬಿಕೊಳ್ಳುವ ಆತುರ, ಸಂಜೆ ಮುಂದಿನ ರಾತ್ರಿಗೆ ಕೂಡಿಡುವ ಆತುರ. ಮಳೆಗಾಳಿ ಬಿರುಸಾಗಿದ್ದ ದಿನ ತೋಟ ಖಾಲಿ ಕಾಣುತ್ತದೆ, ಆದರೆ ಮಳೆ ನಿಂತ ಮೊದಲ ಅರ್ಧ ಗಂಟೆ ಮಾತ್ರ ತಪ್ಪಿಸಿಕೊಳ್ಳಬೇಡಿ.

ದಿನವೂ ಅದೇ ಹೊತ್ತಿಗೆ, ಅದೇ ಕಿಟಕಿಯ ಬಳಿ 20 ನಿಮಿಷ ಕೂರುವವರಿಗೆ ಭಾನುವಾರ ಮಾತ್ರ ಮೂರು ಗಂಟೆ ಕೂರುವವರಿಗಿಂತ ಹೆಚ್ಚು ತಿಳಿಯುತ್ತದೆ. ನಿನ್ನೆ ಏನಿತ್ತು ಎಂದು ಗೊತ್ತಿದ್ದರೆ ತಾನೇ ಇವತ್ತು ಬಂದ ಹೊಸಬ ಯಾರೆಂದು ಗೊತ್ತಾಗುವುದು!

ಕಿಟಕಿಯ ಬಳಿ ಹೇಗೆ ಕೂರಬೇಕು? ಹಕ್ಕಿಗೆ ನಾವು ಕಾಣುವುದಿಲ್ಲವೇ?

ಖಂಡಿತ ಕಾಣುತ್ತೇವೆ. ಹಕ್ಕಿಗಳು ಬೆದರುವುದು ನಮ್ಮ ಆಕಾರಕ್ಕಿಂತ ಹೆಚ್ಚಾಗಿ ನಮ್ಮ ಅಲುಗಾಟಕ್ಕೆ. ಕೋಣೆಯ ದೀಪ ಆರಿಸಿ, ಗಾಜಿನಿಂದ ಒಂದು ಮೀಟರ್ ಹಿಂದೆ ಕುರ್ಚಿ ಹಾಕಿಕೊಳ್ಳಿ. ಒಳಗೆ ಕತ್ತಲೆ, ಹೊರಗೆ ಬೆಳಕು ಇದ್ದರೆ ನೀವು ಹೆಚ್ಚು ಕಾಣಿಸುವುದಿಲ್ಲ. ಮೊಣಕೈಯನ್ನು ಮೇಜಿನ ಮೇಲೆ ಊರಿ ಬೈನಾಕ್ಯುಲರನ್ನು ಮೊದಲೇ ಎದೆಯ ಎತ್ತರಕ್ಕೆ ಹಿಡಿದಿರಿ. ಹಕ್ಕಿ ಬಂದು ಕೂತ ಮೇಲೆ ಕೈ ಎತ್ತಲು ಹೋದರೆ ಹಾರಿಹೋಗುವ ಬಾಲ ಮಾತ್ರ ಕಾಣುತ್ತದೆ.

ಯಾವ ಬೈನಾಕ್ಯುಲರ್ ಬೇಕು?

ತೋಟಕ್ಕೆ 8×42 ಅಥವಾ 8×32. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ ಎಷ್ಟು ಮಿಲಿಮೀಟರ್ ಎಂಬುದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬಿಯ ಅಗಲ ಸಿಗುತ್ತದೆ. 8×42ರಲ್ಲಿ 5.25 ಮಿ.ಮೀ., 10×42ರಲ್ಲಿ 4.2 ಮಿ.ಮೀ. ಚಳಿಗಾಲದ ಮಂಕು ಬೆಳಕಿನಲ್ಲಿ ಈ ಒಂದು ಮಿಲಿಮೀಟರ್‌ನ ವ್ಯತ್ಯಾಸ ಕಣ್ಣಿಗೆ ಗೊತ್ತಾಗುತ್ತದೆ. ಹತ್ತು ಪಟ್ಟಿನದು ಕೈನಡುಕವನ್ನೂ ಹತ್ತು ಪಟ್ಟು ಮಾಡಿ ತೋರಿಸುತ್ತದೆ, ನೋಟದ ಅಗಲವೂ ಕಡಿಮೆ. ಪೊದೆಯಲ್ಲಿ ಚುರುಕಾಗಿ ಓಡಾಡುವ ಹಕ್ಕಿಯನ್ನು ಅದರಲ್ಲಿ ಹಿಡಿಯುವುದು ಕಷ್ಟ.

ಕೊಳ್ಳುವಾಗ ಹೆಚ್ಚಿನವರು ನೋಡದೆ ಬಿಡುವ ಅಂಶವೊಂದಿದೆ. ಎಷ್ಟು ಹತ್ತಿರದ ವಸ್ತು ಸ್ಪಷ್ಟವಾಗಿ ಕಾಣುತ್ತದೆ ಎಂದು ಪರೀಕ್ಷಿಸಿ. ತೋಟದಲ್ಲಿ ಹಕ್ಕಿ 3 ಮೀಟರ್ ದೂರದಲ್ಲೂ ಬಂದು ಕೂರಬಹುದು, ಎಷ್ಟೋ ಬೈನಾಕ್ಯುಲರ್‌ಗಳು ಅಷ್ಟು ಹತ್ತಿರಕ್ಕೆ ಹೊಂದುವುದಿಲ್ಲ. 2 ಮೀಟರ್‌ಗೆ ಹೊಂದುವಂಥದ್ದು ಒಳ್ಳೆಯದು. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ನಡುವೆ ಒಂದು ಸಣ್ಣ ವೃತ್ತ ಮಾತ್ರ ಕಾಣುತ್ತದೆ.

ಕಾಳು ಹಾಕಲೇಬೇಕೇ?

ಬೇಕಿಲ್ಲ. ಕಾಳು ಹಾಕದೆಯೇ ಹಕ್ಕಿ ತುಂಬಿದ ತೋಟಗಳಿವೆ. ಹಣ್ಣು ಬಿಡುವ ಪೊದೆ, ಬೀಜಗಟ್ಟಿ ಒಣಗಿ ನಿಂತ ಹೂಗಿಡ, ಮರದ ಬುಡದಲ್ಲಿ ಗುಡಿಸದೆ ಬಿಟ್ಟ ತರಗೆಲೆ, ಇವೇ ಮೇವು. ಹುಳ ತಿನ್ನುವ ಹಕ್ಕಿಗಳು ಹೇಗೂ ಕಾಳಿನ ಕಡೆ ತಿರುಗಿಯೂ ನೋಡುವುದಿಲ್ಲ. ಸೂರಕ್ಕಿಗೆ ಬೇಕಾದ್ದು ಹೂವು, ನೊಣಹಿಡುಕಕ್ಕೆ ಬೇಕಾದ್ದು ಔಷಧ ಹೊಡೆಯದ ತೋಟ.

ನೆಲ ಹೆಪ್ಪುಗಟ್ಟುವ, ಹಿಮ ಮುಚ್ಚುವ ಕಡೆ ಮಾತ್ರ ಕಾಳು ನಿಜಕ್ಕೂ ಆಸರೆ. ಆಗಲೂ ಅದು ಪೂರಕ ಆಹಾರವಷ್ಟೇ. ಉತ್ತರ ಅಮೆರಿಕದ ಕಪ್ಪುತಲೆಯ ಚಿಕಡೀ ನಮ್ಮ ಚೇಕಡಿಯ ನೆಂಟ. ವಿಸ್ಕಾನ್ಸಿನ್‌ನಲ್ಲಿ ಅದರ ಮೇಲೆ ನಡೆದ ಅಧ್ಯಯನದಲ್ಲಿ ಫೀಡರ್‌ಗೆ (ಹಕ್ಕಿಗೆಂದು ಕಾಳು ತುಂಬಿ ನೇತುಹಾಕುವ ಡಬ್ಬಿಗೆ) ಒಗ್ಗಿದ್ದ ಹಕ್ಕಿಗಳು ಫೀಡರ್ ತೆಗೆದ ಮೇಲೂ ಉಳಿದ ಹಕ್ಕಿಗಳಂತೆಯೇ ಬದುಕುಳಿದವು. ಕಾಳು ಹಾಕಿದರೆ ಹಕ್ಕಿ ಸೋಮಾರಿಯಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಕಾಡುಹಕ್ಕಿಗೆ ಕಾಳು ಹಾಕುವ ವಿಷಯದಲ್ಲಿ ಒಂದೊಂದು ಊರಿನದೂ ಒಂದೊಂದು ನಿಯಮ. ಪಾರಿವಾಳಗಳಿಗೆ ಕಾಳು ಹಾಕುವುದನ್ನು ನಿಷೇಧಿಸಿದ ನಗರಗಳೂ ಇವೆ, ಮೊದಲು ವಿಚಾರಿಸಿಕೊಳ್ಳಿ.

ನೀರಿನ ತಟ್ಟೆ ಹೇಗಿರಬೇಕು?

ನಿಮ್ಮ ತೋಟದಲ್ಲಿ ಒಂದೇ ಒಂದನ್ನು ಇಡುವುದಾದರೆ ಇದನ್ನು ಇಡಿ. ಕಾಳು ತಿನ್ನದ ಹಕ್ಕಿಯೂ ನೀರಿಗೆ ಬರುತ್ತದೆ.

ಅಗಲ 40ರಿಂದ 50 ಸೆಂ.ಮೀ., ಅಂಚಿನಲ್ಲಿ ಆಳ 2.5 ಸೆಂ.ಮೀ., ನಡುವೆ 5 ಸೆಂ.ಮೀ. ದಾಟದಿರಲಿ. ತಳ ಒರಟಾಗಿರಲಿ. ಗಾಜಿನಂತೆ ನುಣುಪಾದ ಪಿಂಗಾಣಿ ತಟ್ಟೆಯಲ್ಲಿ ಕಾಲು ಜಾರುತ್ತದೆ, ಒಮ್ಮೆ ಜಾರಿದ ಹಕ್ಕಿ ಮತ್ತೆ ಬರಲು ಹಿಂಜರಿಯುತ್ತದೆ. ನುಣುಪು ತಟ್ಟೆಯೇ ಇದ್ದರೆ ಮಧ್ಯೆ ಒಂದು ಚಪ್ಪಟೆ ಕಲ್ಲನ್ನು, ಅದರ ನೆತ್ತಿ ನೀರಿನ ಮಟ್ಟಕ್ಕಿಂತ ತುಸು ಮೇಲಿರುವಂತೆ ಇಡಿ. ಮೇಲಿನಿಂದ ಹನಿ ತೊಟ್ಟಿಕ್ಕುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಮುಚ್ಚಳದಲ್ಲಿ ಸೂಜಿಯಿಂದ ತೂತು ಮಾಡಿದ ಬಾಟಲಿಯನ್ನು ಕೊಂಬೆಗೆ ತಲೆಕೆಳಗಾಗಿ ಕಟ್ಟಿದರೂ ಆಯಿತು. ನಿಂತ ನೀರನ್ನು ಗಮನಿಸದ ಹಕ್ಕಿ ಹನಿಯ ಸದ್ದಿಗೆ ಇಳಿದು ಬರುತ್ತದೆ.

ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ತಟ್ಟೆ ಉಜ್ಜಿ, ಹೊಸ ನೀರು ತುಂಬಿ. ಬೆಚ್ಚಗಿನ ಊರುಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ, ಸೊಳ್ಳೆಯ ಮರಿಗೆ ಬೆಳೆಯಲು ವ್ಯವಧಾನ ಸಿಗಬಾರದು. ನೀರು ಹೆಪ್ಪುಗಟ್ಟುವ ಕಡೆ ಬೆಳಗ್ಗೆ ಉಗುರುಬೆಚ್ಚಗಿನ ನೀರು ಸುರಿದು ಮಂಜುಗಡ್ಡೆ ಬಿಡಿಸಿ. ಕುದಿಯುವ ನೀರು ಸುರಿದರೆ ತಟ್ಟೆ ಸೀಳುತ್ತದೆ. ನೀರು ಗಟ್ಟಿಯಾಗದಿರಲೆಂದು ಉಪ್ಪು, ಗ್ಲಿಸರಿನ್ ಅಥವಾ ವಾಹನಗಳಿಗೆ ಹಾಕುವ ದ್ರಾವಣವನ್ನು ಬೆರೆಸಲೇಬೇಡಿ. ಮೊದಲಿನದು ಹಕ್ಕಿಯ ಮೂತ್ರಪಿಂಡಕ್ಕೆ ಹೊರೆ, ಎರಡನೆಯದು ಗರಿಗೆ ಅಂಟುತ್ತದೆ, ಮೂರನೆಯದು ನೇರ ವಿಷ.

ಇಷ್ಟು ಚಳಿಯಲ್ಲಿ ಹಕ್ಕಿ ಸ್ನಾನ ಮಾಡುವುದೇಕೆ?

ಗರಿ ಶುಚಿಯಾಗಿದ್ದರೆ ಮಾತ್ರ ಅದರೊಳಗೆ ಗಾಳಿ ನಿಲ್ಲುತ್ತದೆ, ಗಾಳಿ ನಿಂತರೆ ಮಾತ್ರ ಮೈ ಬೆಚ್ಚಗಿರುತ್ತದೆ. ಗಮನವಿಟ್ಟು ನೋಡಿ. ಮೊದಲು ಎದೆ ಅದ್ದುತ್ತದೆ, ಆಮೇಲೆ ತಲೆ ಮುಳುಗಿಸಿ ಮೇಲೆತ್ತಿ ಬೆನ್ನಿಗೆ ನೀರು ಹರಿಸುತ್ತದೆ, ರೆಕ್ಕೆ ಬಡಿದು ಸುತ್ತಲೂ ಚಿಮುಕಿಸುತ್ತದೆ. ಮೈ ಪೂರ್ತಿ ತೊಯ್ಯುವ ಮುಂಚೆಯೇ ಹತ್ತಿರದ ಕೊಂಬೆಗೆ ಹಾರಿ, ಬಾಲದ ಬುಡದ ಗ್ರಂಥಿಗೆ ಕೊಕ್ಕು ತೀಡಿ, ಆ ಜಿಡ್ಡನ್ನು ಒಂದೊಂದೇ ಗರಿಗೆ ಸವರುತ್ತಾ ಕೂರುತ್ತದೆ. ತಟ್ಟೆಯಿಂದ 2–3 ಮೀಟರ್ ದೂರದಲ್ಲಿ ಇಂಥದ್ದೊಂದು ಕೊಂಬೆ ಇಲ್ಲದಿದ್ದರೆ ಹಕ್ಕಿ ಕುಡಿದು ಹೋಗುತ್ತದೆಯೇ ಹೊರತು ಸ್ನಾನಕ್ಕೆ ಇಳಿಯುವುದಿಲ್ಲ.

ಯಾವ ಹಕ್ಕಿಗೆ ಯಾವ ಕಾಳು?

ಒಂದೇ ಬಗೆ ಕೊಡುವುದಾದರೆ ಕಪ್ಪು ಸಿಪ್ಪೆಯ ಸೂರ್ಯಕಾಂತಿ ಬೀಜ. ಪಟ್ಟೆಯುಳ್ಳ ಬೀಜಕ್ಕಿಂತ ಇದರ ಸಿಪ್ಪೆ ತೆಳು, ಎಣ್ಣೆಯಂಶ ಹೆಚ್ಚು. ತಿನ್ನುವ ರೀತಿಯಲ್ಲೇ ಹಕ್ಕಿಯ ಮನೆತನ ಗೊತ್ತಾಗುತ್ತದೆ. ಚೇಕಡಿ ಒಂದೇ ಬೀಜ ಕಚ್ಚಿಕೊಂಡು ಕೊಂಬೆಗೆ ಹಾರಿ, ಎರಡು ಕಾಲಿನ ನಡುವೆ ಅದನ್ನು ಅದುಮಿ ಹಿಡಿದು, ಟಕಟಕನೆ ಕುಟ್ಟಿ ಸಿಪ್ಪೆ ಸೀಳುತ್ತದೆ. ಗುಬ್ಬಚ್ಚಿ ಮತ್ತು ಅದರಂತೆಯೇ ಕಾಳು ತಿನ್ನುವ ಫಿಂಚ್ ಎಂಬ ಪುಟ್ಟ ಹಕ್ಕಿಗಳು ಕೂತಲ್ಲೇ ಬೀಜವನ್ನು ಕೊಕ್ಕಿನಲ್ಲಿ ಹೊರಳಿಸಿ, ಸಿಪ್ಪೆಯನ್ನು ಇಬ್ಬದಿಗೂ ಉದುರಿಸಿ, ತಿರುಳನ್ನಷ್ಟೇ ನುಂಗುತ್ತವೆ. ಹೀಗಾಗಿ ಚೇಕಡಿಗೆ ಕೂರುವ ಕಡ್ಡಿ ಚಿಕ್ಕದಿದ್ದರೂ ಸಾಕು, ಫಿಂಚ್‌ಗಳಿಗೆ ಜಾಗ ಬೇಕು.

ನೆಲದ ಮೇಲೆ ಹೆಕ್ಕುವ ಗುಬ್ಬಚ್ಚಿ, ರಾಟವಾಳ, ಬೆಳವಗಳಿಗೆ ನವಣೆ, ಸಜ್ಜೆ, ಬರಗು. ಸಣ್ಣ ಕೊಕ್ಕಿನ ಫಿಂಚ್‌ಗಳಿಗೆ ಹುಚ್ಚೆಳ್ಳು. ಇದಕ್ಕೆ ಸೀಳಿನಂಥ ಪುಟ್ಟ ತೂತಿನ ಫೀಡರ್ ಬೇಕು, ಇಲ್ಲದಿದ್ದರೆ ಅರ್ಧಕ್ಕರ್ಧ ನೆಲದ ಪಾಲು. ಕಡಲೆಕಾಯಿ ಬೀಜವನ್ನು ಉಪ್ಪಿಲ್ಲದೆ, ಸುಮಾರು 6 ಮಿ.ಮೀ. ಕಣ್ಣಿನ ಲೋಹದ ಜಾಲರಿಯೊಳಗೆ ಇಡಿ. ಪಿಕಳಾರ, ನೆಲಸಿಳ್ಳಾರ, ಗೊರವಂಕಗಳಿಗೆ ಅರ್ಧ ಕೊಯ್ದ ಮಾಗಿದ ಹಣ್ಣು. ಕಡುಚಳಿಯ ಕಡೆ ಪ್ರಾಣಿಯ ಗಟ್ಟಿ ಕೊಬ್ಬಿನ ಬಿಲ್ಲೆಗಳನ್ನೂ ಇಡುತ್ತಾರೆ. ಬಿಸಿಲೇರಿದ ದಿನ ಅದು ಕರಗಿ ಗರಿಗೆ ಅಂಟುತ್ತದೆ, ಬೇಗ ಕಮಟು ಹಿಡಿಯುತ್ತದೆ. ಬೆಚ್ಚಗಿನ ಊರುಗಳಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಪ್ರಮಾಣದ ಲೆಕ್ಕ ಸುಲಭ: ಸಂಜೆಯ ಹೊತ್ತಿಗೆ ಖಾಲಿಯಾಗುವಷ್ಟು. ಮೊದಲ ವಾರ ಒಂದು ಹಿಡಿ ಹಾಕಿ ನೋಡಿ. ಮಿಕ್ಕರೆ ಕಡಿಮೆ ಮಾಡಿ, ಮಧ್ಯಾಹ್ನಕ್ಕೇ ಮುಗಿದರೆ ಇನ್ನೊಂದು ಹಿಡಿ ಸೇರಿಸಿ.

ಯಾವುದನ್ನು ಹಾಕಬಾರದು?

ಉಪ್ಪು ಹಾಕಿದ ಯಾವುದೂ ಬೇಡ. ಹಾಲು ಬೇಡ, ಹಕ್ಕಿಗೆ ಅದು ಜೀರ್ಣವಾಗುವುದಿಲ್ಲ. ಅಡುಗೆಯಲ್ಲಿ ಉಳಿದ ಎಣ್ಣೆ, ಜಿಡ್ಡು ಬೇಡ. ಬ್ರೆಡ್ ವಿಷವೇನಲ್ಲ, ಆದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಬರುವುದಿಲ್ಲ. ರಾತ್ರಿ ಕಳೆಯಲು ಕೊಬ್ಬು ಬೇಕಾದ ಹಕ್ಕಿಗೆ ಅದು ಮೋಸ.

ಬೂಷ್ಟು ಹಿಡಿದ ಕಡಲೆಕಾಯಿಯ ಬಗ್ಗೆ ಹೆಚ್ಚು ಎಚ್ಚರ ವಹಿಸಿ. ಅದರಲ್ಲಿ ಬೆಳೆಯುವ ಶಿಲೀಂಧ್ರದ ಅಫ್ಲಾಟಾಕ್ಸಿನ್ ಎಂಬ ವಿಷ ಹಕ್ಕಿಯ ಯಕೃತ್ತನ್ನು ಕೆಡಿಸುತ್ತದೆ. ಬೂಷ್ಟು ಕಣ್ಣಿಗೆ ಕಾಣದಿದ್ದರೂ ವಿಷ ಇರಬಹುದು. ಮನುಷ್ಯರು ತಿನ್ನುವ ಗುಣಮಟ್ಟದ್ದನ್ನೇ ಕೊಡಿ. ಪ್ಲಾಸ್ಟಿಕ್ ದಾರದ ಬಲೆಚೀಲದಲ್ಲಿ ಕಾಳಿಟ್ಟು ನೇತುಹಾಕಬೇಡಿ, ಕಾಲುಗುರು ಸಿಕ್ಕಿಕೊಂಡು ಹಕ್ಕಿ ತೂಗಾಡುತ್ತಾ ಸಾಯುತ್ತದೆ.

ಫೀಡರನ್ನು ಎಲ್ಲಿ ನೇತುಹಾಕಬೇಕು?

ಎರಡು ಅಳತೆ ಹೊಂದಿಸಬೇಕು. ಒಂದು, ಪೊದೆಯಿಂದ 2ರಿಂದ 3 ಮೀಟರ್ ದೂರ. ಇನ್ನೂ ಹತ್ತಿರವಾದರೆ ಬೆಕ್ಕು ಹೊಂಚುಹಾಕಿ ನೆಗೆಯುತ್ತದೆ, ತೀರಾ ದೂರವಾದರೆ ಬಿಜ್ಜು ಎಂಬ ಬೇಟೆಹಕ್ಕಿ ಎರಗಿದಾಗ ಹಕ್ಕಿ ಮರೆ ಸೇರಲಾಗುವುದಿಲ್ಲ. ಇನ್ನೊಂದು, ಕಿಟಕಿ ಗಾಜಿಗೆ ಒಂದು ಮೀಟರ್ ಒಳಗೆ, ಇಲ್ಲವೇ ಹತ್ತು ಮೀಟರ್ ಆಚೆ. ಹತ್ತಿರವಿದ್ದರೆ ಬೆದರಿ ಹಾರಿದ ಹಕ್ಕಿ ವೇಗ ಪಡೆಯುವ ಮುಂಚೆಯೇ ಗಾಜು ಮುಟ್ಟುವುದರಿಂದ ಪೆಟ್ಟು ಜೋರಾಗುವುದಿಲ್ಲ. ನಡುವಿನ ದೂರವೇ ಅಪಾಯ. ವಿಪರ್ಯಾಸವೆಂದರೆ ಹೆಚ್ಚಿನವರು ಫೀಡರ್ ಕಟ್ಟುವುದು ಸರಿಯಾಗಿ ಆ ನಾಲ್ಕೈದು ಮೀಟರ್ ದೂರದಲ್ಲಿಯೇ.

ಫೀಡರ್ ಇಟ್ಟು ವಾರವಾಯಿತು, ಒಂದು ಹಕ್ಕಿಯೂ ಇಲ್ಲ. ಏನು ತಪ್ಪಾಗಿದೆ?

ತಪ್ಪೇ ಆಗಿರಬೇಕಿಲ್ಲ. ಹೊಸ ವಸ್ತುವಿಗೆ ಹಕ್ಕಿ ಹೆದರುತ್ತದೆ, ಎರಡು ಮೂರು ವಾರ ಕಾಯಿರಿ. ದಿನಕ್ಕೊಂದು ಜಾಗಕ್ಕೆ ಬದಲಾಯಿಸುತ್ತಾ ಹೋದರೆ ಪ್ರತಿ ಸಲವೂ ಅದು ಹೊಸ ವಸ್ತುವೇ. ಕೆಳಗೆ ಬರಿನೆಲದ ಮೇಲೆ ಒಂದು ಚಿಟಿಕೆ ಕಾಳು ಚೆಲ್ಲಿದರೆ ಗುಬ್ಬಚ್ಚಿಯಂಥ ಧೈರ್ಯವಂತರು ಮೊದಲು ಬರುತ್ತಾರೆ, ಅವರನ್ನು ನೋಡಿ ಉಳಿದವರು. ಒಂದು ತಿಂಗಳಾದರೂ ಬರದಿದ್ದರೆ ಕಾಳನ್ನು ಕೈಗೆ ಸುರಿದು ಮೂಸಿ ನೋಡಿ. ಕಮಟು ವಾಸನೆ ಬಂದರೆ, ತೇವ ಕುಡಿದು ಒಂದಕ್ಕೊಂದು ಅಂಟಿದ್ದರೆ ಎಸೆಯಿರಿ. ಹತ್ತಿರದ ಮರಗಳಲ್ಲಿ ಹಣ್ಣು, ಬೀಜ ಸಮೃದ್ಧವಾಗಿದ್ದ ವರ್ಷ ಫೀಡರ್‌ಗೆ ಗಿರಾಕಿ ಕಡಿಮೆ. ಅದು ಒಳ್ಳೆಯ ಸುದ್ದಿಯೇ.

ಅಳಿಲು, ಇಲಿ, ಬೆಕ್ಕುಗಳ ಕಾಟಕ್ಕೆ ಏನು ಮಾಡುವುದು?

ಅಳಿಲಿಗೆ: ನುಣುಪಾದ ಲೋಹದ ಕಂಬ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಬೋರಲು ಹಾಕಿದ ಅಗಲವಾದ ಲೋಹದ ಕೊಡೆ, ಸುತ್ತ 3 ಮೀಟರ್‌ವರೆಗೆ ನೆಗೆಯಲು ಕೊಂಬೆಯಾಗಲಿ ಗೋಡೆಯಾಗಲಿ ಇಲ್ಲದ ಜಾಗ. ಮೂರರಲ್ಲಿ ಒಂದು ತಪ್ಪಿದರೂ ಅಳಿಲು ದಾರಿ ಕಂಡುಕೊಳ್ಳುತ್ತದೆ. ಕಂಬಕ್ಕೆ ಗ್ರೀಸ್ ಬಳಿಯಬೇಡಿ, ಅದು ಹಕ್ಕಿಯ ಗರಿಗೂ ತಾಗುತ್ತದೆ.

ಇಲಿಗೆ: ಸಂಜೆ ಬಿದ್ದ ಕಾಳು ಗುಡಿಸಿ, ಫೀಡರನ್ನು ರಾತ್ರಿ ಒಳಗಿಡಿ. ಇಲಿಪಾಷಾಣ ಮಾತ್ರ ಬೇಡ. ವಿಷ ತಿಂದ ಇಲಿಯನ್ನು ತಿಂದು ಗೂಬೆ ಸಾಯುತ್ತದೆ.

ಬೆಕ್ಕಿಗೆ: ನಿಮ್ಮದಾದರೆ ಬೆಳಗಿನ ಮತ್ತು ಸಂಜೆಯ ಆ ಎರಡು ಹೊತ್ತು ಮನೆಯೊಳಗೇ ಇರಲಿ. ಪಕ್ಕದ ಮನೆಯದಾದರೆ ಫೀಡರ್ ಕೆಳಗೆ ಮುಳ್ಳುಗಿಡದ ಕತ್ತರಿಸಿದ ಕೊಂಬೆಗಳನ್ನು ಹರಡಿ, ಹೊಂಚು ಹಾಕಲು ಜಾಗ ಉಳಿಯುವುದಿಲ್ಲ.

ಎಷ್ಟು ದಿನಕ್ಕೊಮ್ಮೆ, ಹೇಗೆ ತೊಳೆಯಬೇಕು?

ಕಡೇಪಕ್ಷ ಎರಡು ವಾರಕ್ಕೊಮ್ಮೆ, ಮಳೆ ಹಿಡಿದಾಗ ವಾರಕ್ಕೊಮ್ಮೆ. ಕೈಗವಸು ಹಾಕಿಕೊಂಡು, ಅಡುಗೆಮನೆಯಲ್ಲಿ ಅಲ್ಲ, ಹೊರಗೆ. ಉಳಿದ ಕಾಳನ್ನು ಎಸೆಯಿರಿ, ಮತ್ತೆ ತುಂಬಬೇಡಿ. ಫೀಡರನ್ನು ಪೂರ್ತಿ ಬಿಚ್ಚಿ, ಬಿಸಿನೀರು ಮತ್ತು ಸೋಪಿನಲ್ಲಿ ಉಜ್ಜಿ ಮೆತ್ತಿದ್ದೆಲ್ಲ ತೆಗೆಯಿರಿ. ಬಳಿಕ ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಅದ್ದಿಡಿ. ಹರಿಯುವ ನೀರಿನಲ್ಲಿ ವಾಸನೆ ಹೋಗುವವರೆಗೆ ತೊಳೆದು, ಪೂರ್ತಿ ಒಣಗಿಸಿ. ಕೊನೆಯ ಮೆಟ್ಟಿಲನ್ನೇ ಎಲ್ಲರೂ ಹಾರಿಸುವುದು. ಒದ್ದೆ ಫೀಡರ್‌ಗೆ ಕಾಳು ತುಂಬಿದರೆ ತಳದ ಕಾಳು ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಎರಡು ಫೀಡರ್ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ. ಇದಕ್ಕೆ ಬಳಸುವ ಬ್ರಷ್ ಬೇರೆಯೇ ಇರಲಿ, ಕೆಲಸ ಮುಗಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಿರಿ.

ಫೀಡರ್ ಕೆಳಗಿನ ನೆಲ ಮರೆಯಬೇಡಿ. ಬಿದ್ದ ಸಿಪ್ಪೆ, ಹಿಕ್ಕೆ ಅಲ್ಲಿಯೇ ಸೇರುತ್ತದೆ. ತಿಂಗಳಿಗೊಮ್ಮೆ ಫೀಡರನ್ನು ಬೇರೆ ಕೊಂಬೆಗೆ ಸರಿಸಿ. ಸೂರ್ಯಕಾಂತಿ ಸಿಪ್ಪೆ ದಪ್ಪಗೆ ಬಿದ್ದಲ್ಲಿ ಬೇರೆ ಗಿಡ ಸರಿಯಾಗಿ ಏಳುವುದಿಲ್ಲ, ಅದಕ್ಕೂ ಇದೇ ಪರಿಹಾರ.

ಇಷ್ಟೆಲ್ಲ ಶುಚಿತ್ವ ನಿಜಕ್ಕೂ ಬೇಕೇ?

ಬೇಕು. ಕಾಡಿನಲ್ಲಿ ಚದುರಿ ತಿನ್ನುವ ಹಕ್ಕಿಗಳನ್ನು ನಾವು ಒಂದೇ ತಟ್ಟೆಗೆ ಕರೆದಿದ್ದೇವೆ. ಬ್ರಿಟನ್‌ನಲ್ಲಿ 2005ರಿಂದ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಗ್ರೀನ್‌ಫಿಂಚ್‌ಗಳಲ್ಲಿ ಹರಡಿ ಅವುಗಳ ಸಂಖ್ಯೆ ಎಷ್ಟು ಕುಸಿಯಿತೆಂದರೆ, 2021ರಲ್ಲಿ ತೀವ್ರ ಕಾಳಜಿ ಬೇಕಾದ ಹಕ್ಕಿಗಳ ಅಲ್ಲಿನ ಕೆಂಪುಪಟ್ಟಿಗೆ ಅದನ್ನು ಸೇರಿಸಬೇಕಾಯಿತು. ತೋಟಗಳಲ್ಲಿ ಸರ್ವೇಸಾಮಾನ್ಯವಾಗಿದ್ದ ಹಕ್ಕಿ ಅದು! ಅಮೆರಿಕದಲ್ಲಿ 1994ರಲ್ಲಿ ವಾಷಿಂಗ್ಟನ್ ನಗರದ ಸುತ್ತಮುತ್ತ ಹೌಸ್ ಫಿಂಚ್‌ಗಳಲ್ಲಿ ಕಾಣಿಸಿಕೊಂಡ ಕಣ್ಣಿನ ಸೋಂಕು ಕೆಲವೇ ವರ್ಷಗಳಲ್ಲಿ ದೇಶದ ಪೂರ್ವಭಾಗದ ಉದ್ದಗಲಕ್ಕೂ ಹಬ್ಬಿತು.

ಒಂದು ಹಕ್ಕಿ ಮೈ ಉಬ್ಬಿಸಿಕೊಂಡು ಫೀಡರ್ ಮೇಲೆಯೇ ತೂಕಡಿಸುತ್ತಿದ್ದರೆ, ನುಂಗಲಾಗದೆ ಕಾಳು ಬಾಯಿಂದ ಉದುರುತ್ತಿದ್ದರೆ, ಕೊಕ್ಕಿನ ಸುತ್ತ ಒದ್ದೆಯಾಗಿದ್ದರೆ, ಕಣ್ಣು ಊದಿ ಮುಚ್ಚಿದ್ದರೆ ಅದೇ ದಿನ ಕಾಳು, ನೀರು ಎರಡನ್ನೂ ತೆಗೆಯಿರಿ. ಕನಿಷ್ಠ ಎರಡು ವಾರ ಮತ್ತೆ ಇಡಬೇಡಿ. ಹಸಿದ ಹಕ್ಕಿಗಳಿಗೆ ಅನ್ಯಾಯವಾಗುತ್ತದೆ ಎಂದು ಮನಸ್ಸು ಹಿಂಜರಿಯುವುದು ಸಹಜ. ಆದರೆ ಅವು ಬೇರೆಡೆಗೆ ಚದುರುವುದೇ ಆಗ ಮದ್ದು.

ಉಬ್ಬಿಕೊಂಡು ಕೂತ ಹಕ್ಕಿಗಳೆಲ್ಲ ಕಾಯಿಲೆಯವೇ?

ಅಲ್ಲ. ಚಳಿಗೆ ಗರಿಗಳನ್ನು ನಿಮಿರಿಸಿ ನಡುವೆ ಗಾಳಿ ತುಂಬಿಕೊಳ್ಳುವುದು ಎಲ್ಲ ಹಕ್ಕಿಯ ರೂಢಿ. ಹೊರಗೆ ಸೊನ್ನೆಗಿಂತ ಕೆಳಗಿದ್ದರೂ ಒಳಗೆ ಮೈಶಾಖ 40 ಡಿಗ್ರಿಯ ಆಸುಪಾಸು ಇರುತ್ತದೆ. ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಎಳೆದುಕೊಂಡು ನಿಲ್ಲುವುದೂ ಶಾಖ ಉಳಿಸಲಿಕ್ಕೆ. ಕಪ್ಪುತಲೆಯ ಚಿಕಡೀ ಕಡುಚಳಿಯ ರಾತ್ರಿ ತನ್ನ ಮೈಶಾಖವನ್ನೇ ಸುಮಾರು 10 ಡಿಗ್ರಿ ಇಳಿಸಿಕೊಂಡು ಕೊಬ್ಬು ಉಳಿಸುತ್ತದೆ. ಆರೋಗ್ಯವಂತ ಹಕ್ಕಿಯ ಕಣ್ಣು ತೆರೆದಿರುತ್ತದೆ, ನೀವು ಅಲುಗಿದರೆ ಕ್ಷಣದಲ್ಲಿ ಮೈ ಸಣ್ಣ ಮಾಡಿ ಹಾರುತ್ತದೆ. ಹತ್ತಿರ ಹೋದರೂ ಹಾರದಿದ್ದರೆ ಅನುಮಾನಪಡಿ.

ಕಿಟಕಿ ಗಾಜಿಗೆ ಹಕ್ಕಿ ಬಡಿಯುತ್ತಿದೆ. ತಡೆಯುವುದು ಹೇಗೆ?

ಗಾಜಿನಲ್ಲಿ ಕಾಣುವ ಆಕಾಶ, ಮರಗಳ ಬಿಂಬವನ್ನು ಹಕ್ಕಿ ನಿಜವೆಂದೇ ನಂಬುತ್ತದೆ. 2014ರಲ್ಲಿ ಪ್ರಕಟವಾದ ಅಂದಾಜಿನಂತೆ ಅಮೆರಿಕದಲ್ಲಿ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ. ಅದರಲ್ಲಿ ಮನೆಗಳ ಪಾಲೂ ದೊಡ್ಡದೇ.

ಗಿಡುಗನ ಆಕಾರದ ಒಂದು ಸ್ಟಿಕ್ಕರ್ ಅಂಟಿಸಿದರೆ ಪ್ರಯೋಜನವಿಲ್ಲ. ಹಕ್ಕಿ ಸ್ಟಿಕ್ಕರನ್ನು ತಪ್ಪಿಸಿ ಪಕ್ಕದ ಖಾಲಿ ಗಾಜಿಗೆ ಬಡಿಯುತ್ತದೆ. ಇಡೀ ಗಾಜಿನ ಮೇಲೆ 5 ಸೆಂ.ಮೀ.ಗೊಂದರಂತೆ ಚುಕ್ಕಿ ಅಥವಾ ಗೆರೆ ಇರಬೇಕು. ಅದೂ ಹೊರಮೈಗೆ. ಒಳಗೆ ಅಂಟಿಸಿದರೆ ಹೊರಗಿನ ಬಿಂಬ ಹಾಗೆಯೇ ಉಳಿಯುತ್ತದೆ. ಸೋಪಿನ ಬಿಲ್ಲೆಯಿಂದ ಹೊರಗಡೆ ಗೆರೆ ಎಳೆದು ಮೊದಲು ಪರೀಕ್ಷಿಸಬಹುದು. ಕಿಟಕಿಯ ಹೊರಗೆ, ಗಾಜಿನಿಂದ ಕೆಲವು ಸೆಂಟಿಮೀಟರ್ ಬಿಟ್ಟು ಬಿಗಿದ ಸೊಳ್ಳೆಜಾಲರಿಯಂತೂ ಎಲ್ಲಕ್ಕಿಂತ ಸುಲಭದ ಉಪಾಯ: ಬಿಂಬವೂ ಮಸುಕು, ಬಡಿದರೂ ಮೆತ್ತಗೆ.

ಬಡಿದು ಬಿದ್ದ ಹಕ್ಕಿಯನ್ನು ಏನು ಮಾಡಬೇಕು?

ಗಾಳಿಯಾಡಲು ಸಣ್ಣ ತೂತುಗಳಿರುವ ರಟ್ಟಿನ ಪೆಟ್ಟಿಗೆ, ತಳಕ್ಕೆ ಮಡಿಸಿದ ಬಟ್ಟೆ. ಹಕ್ಕಿಯನ್ನು ಎರಡೂ ಅಂಗೈಯಲ್ಲಿ ಸಡಿಲವಾಗಿ ಎತ್ತಿ ಒಳಗಿಟ್ಟು ಮುಚ್ಚಿ. ಕತ್ತಲೆ, ನಿಶ್ಶಬ್ದ, ತುಸು ಬೆಚ್ಚಗಿನ ಜಾಗ. ಬಾಯಿಗೆ ನೀರು ಬಿಡಬೇಡಿ, ಅದು ಉಸಿರುನಾಳಕ್ಕೆ ಹೋಗುತ್ತದೆ. ಪದೇ ಪದೇ ಮುಚ್ಚಳ ತೆಗೆದು ನೋಡಬೇಡಿ. ಒಂದು ಗಂಟೆಯ ಬಳಿಕ ಪೆಟ್ಟಿಗೆಯನ್ನು ತೋಟಕ್ಕೆ ಒಯ್ದು ಗಾಜಿಗೆ ಬೆನ್ನು ಮಾಡಿ ತೆರೆಯಿರಿ. ಹಾರಿದರೆ ಸರಿ. ರೆಕ್ಕೆ ಜೋತಿದ್ದರೆ, ರಕ್ತವಿದ್ದರೆ, ಎರಡು ಗಂಟೆಯಾದರೂ ಹಾರದಿದ್ದರೆ ವನ್ಯಜೀವಿ ಶುಶ್ರೂಷಕರಿಗೆ ಒಪ್ಪಿಸಿ. ಬೆಕ್ಕು ಕಚ್ಚಿದ ಹಕ್ಕಿ ನೋಡಲು ಚೆನ್ನಾಗಿದ್ದರೂ ಕಾಯದೆ ಒಯ್ಯಬೇಕು, ಬೆಕ್ಕಿನ ಜೊಲ್ಲಿನ ಸೋಂಕು ಒಂದೆರಡು ದಿನದಲ್ಲಿ ಕೊಲ್ಲುತ್ತದೆ.

ಪುಸ್ತಕದ ಚಿತ್ರಕ್ಕೂ ತೋಟದ ಹಕ್ಕಿಗೂ ತಾಳೆಯಾಗುವುದಿಲ್ಲ. ಹೇಗೆ ಗುರುತಿಸುವುದು?

ಬಣ್ಣವನ್ನು ಕೊನೆಗೆ ನೋಡಿ. ಮೊದಲು ಗಾತ್ರ: ಗುಬ್ಬಚ್ಚಿಗಿಂತ ಚಿಕ್ಕದೋ, ಗೊರವಂಕದಷ್ಟೋ, ಕಾಗೆಯಷ್ಟೋ. ಆಮೇಲೆ ಕೊಕ್ಕಿನ ಆಕಾರ, ಬಾಲದ ಉದ್ದ. ಆಮೇಲೆ ನಡವಳಿಕೆ: ಕುಪ್ಪಳಿಸುತ್ತದೋ ನಡೆಯುತ್ತದೋ, ಬಾಲ ಆಡಿಸುತ್ತದೋ, ಹಾರಿ ನೊಣ ಹಿಡಿದು ಅದೇ ಕೊಂಬೆಗೆ ಮರಳುತ್ತದೋ. ಬಾಲವನ್ನು ಬಿಡದೆ ಮೇಲೆ ಕೆಳಗೆ ಆಡಿಸುತ್ತಾ ನೆಲದ ಮೇಲೆ ನಡೆಯುವ ತೆಳ್ಳನೆ ಹಕ್ಕಿ ಕಂಡರೆ ಬಣ್ಣ ನೋಡುವ ಮುಂಚೆಯೇ ಅದು ಸಿಪಿಲೆ ಎನ್ನಬಹುದು.

ಚಳಿಗಾಲದ ಬಣ್ಣ ಬೇರೆ ಎಂಬುದೂ ನಿಜ. ಗಂಡು ಗುಬ್ಬಚ್ಚಿಯ ಕತ್ತಿನ ಕಪ್ಪು ಮಚ್ಚೆಯನ್ನು ಹತ್ತಿರದಿಂದ ನೋಡಿ. ಗರಿ ಬದಲಾಯಿಸಿದ ಹೊಸತರಲ್ಲಿ ಪ್ರತಿ ಕಪ್ಪು ಗರಿಗೂ ಮಾಸಲು ಅಂಚು ಇರುತ್ತದೆ, ಮಚ್ಚೆ ಬೂದಿ ಉದುರಿಸಿದಂತೆ ಮಸುಕಾಗಿ ಕಾಣುತ್ತದೆ. ಚಳಿಗಾಲ ಕಳೆಯುತ್ತಾ ಆ ಅಂಚು ಸವೆದು ಕಪ್ಪು ಹೊರಬೀಳುತ್ತದೆ. ಹೊಸ ಗರಿ ಹುಟ್ಟದೆಯೇ, ಬರೀ ಸವೆತದಿಂದ, ವಸಂತದ ಹೊತ್ತಿಗೆ ಮದುವಣಿಗನ ವೇಷ ಸಿದ್ಧ! ಕೊಕ್ಕೂ ಮಾಸಲು ಕಂದಿನಿಂದ ಕಪ್ಪಿಗೆ ತಿರುಗುತ್ತದೆ. ಯುರೋಪಿನ ಕಬ್ಬಕ್ಕಿಯ ಮೈಮೇಲಿನ ಬಿಳಿ ಚುಕ್ಕಿಗಳು ವಸಂತಕ್ಕೆ ಮರೆಯಾಗುವುದೂ ಇದೇ ಸವೆತದಿಂದ.

ಮರ್ಲಿನ್‌ನಂಥ ಆ್ಯಪ್ ದನಿ ಕೇಳಿ ಹೆಸರು ಸೂಚಿಸುತ್ತದೆ. ಅದನ್ನು ಸುಳಿವೆಂದು ತಿಳಿಯಿರಿ, ಹಕ್ಕಿಯನ್ನು ಕಣ್ಣಾರೆ ಕಂಡ ಮೇಲಷ್ಟೇ ಬರೆದುಕೊಳ್ಳಿ.

ದಿನವೂ ಬರುವುದು ಒಂದೇ ಹಕ್ಕಿಯೇ?

ಕೆಲವು ಸಲ ಹೌದು. ಯುರೋಪಿನ ರಾಬಿನ್ ಚಳಿಗಾಲದಲ್ಲೂ ತನ್ನ ಜಾಗ ಬಿಟ್ಟುಕೊಡುವುದಿಲ್ಲ, ಗಂಡು ಹೆಣ್ಣು ಬೇರೆ ಬೇರೆಯಾಗಿ ಗಡಿ ಕಾಯುತ್ತಾ ಹಾಡುತ್ತವೆ. ಹಿಮಾಲಯ, ಸೈಬೀರಿಯಾ ಕಡೆಯಿಂದ ದಕ್ಷಿಣ ಭಾರತಕ್ಕೆ ಬರುವ ಹಸಿರು ಮಿಶ್ರಿತ ಬೂದುಬಣ್ಣದ ಪುಟ್ಟ ಉಲಿಯಕ್ಕಿಯೂ ಚಳಿಗಾಲವಿಡೀ ಕೆಲವೇ ಮರಗಳನ್ನು ತನ್ನದೆಂದು ಕಾಯುತ್ತದೆ. ಚೇಕಡಿಯ ವಿಷಯ ಬೇರೆ. ಒಮ್ಮೆಗೆ ನಾಲ್ಕೇ ಕಂಡರೂ ದಿನದಲ್ಲಿ ಹತ್ತಾರು ಬಂದುಹೋಗಿರಬಹುದು, ಗುಂಪು ತೋಟದಿಂದ ತೋಟಕ್ಕೆ ಸುತ್ತುತ್ತಲೇ ಇರುತ್ತದೆ.

ಇದ್ದಕ್ಕಿದ್ದಂತೆ ತೋಟವೆಲ್ಲ ಸ್ತಬ್ಧವಾಗುವುದೇಕೆ?

ಆಕಾಶ ನೋಡಿ, ಆಮೇಲೆ ದಟ್ಟ ಮರದ ನಡುಕೊಂಬೆ ನೋಡಿ. ಬಿಜ್ಜು ಅಥವಾ ಅದರ ಜಾತಿಯ ಬೇಟೆಹಕ್ಕಿ ಬಂದಿರುತ್ತದೆ. ಅದು ಹಾರಿ ಬರುವಾಗ ಚೇಕಡಿಗಳು ತೆಳ್ಳಗೆ, ಕೀರಲಾಗಿ ‘ಸೀ...’ ಎನ್ನುತ್ತವೆ. ಎಲ್ಲಿಂದ ಬಂತೆಂದು ಪತ್ತೆ ಹಚ್ಚಲಾಗದ ದನಿ ಅದು. ಕೂತ ಗೂಬೆ ಕಂಡಾಗ ಇದಕ್ಕೆ ತದ್ವಿರುದ್ಧ, ಎಲ್ಲ ಸೇರಿ ಒರಟು ದನಿಯಲ್ಲಿ ಗದ್ದಲ ಎಬ್ಬಿಸಿ ಅದನ್ನು ಓಡಿಸಲು ನೋಡುತ್ತವೆ. ಎರಡರ ವ್ಯತ್ಯಾಸ ಕಿವಿಗೆ ಹಿಡಿದರೆ ಬೇಟೆಗಾರ ಹಾರುತ್ತಿದ್ದಾನೋ ಕೂತಿದ್ದಾನೋ ಎಂದು ಒಳಗೆ ಕೂತೇ ತಿಳಿಯುತ್ತದೆ. ಬಿಜ್ಜು ದಿನವೂ ಫೀಡರ್ ಬಳಿಯೇ ಕಾಯತೊಡಗಿದರೆ ಒಂದು ವಾರ ಕಾಳು ನಿಲ್ಲಿಸಿ. ಅದನ್ನು ಓಡಿಸಲು ಕಲ್ಲು ತೂರಬೇಡಿ, ಅದೂ ನಿಮ್ಮ ತೋಟದ ಹಕ್ಕಿಯೇ.

ಗೂಡುಪೆಟ್ಟಿಗೆಗೆ ಚಳಿಗಾಲದಲ್ಲಿ ಕೆಲಸವುಂಟೇ?

ಉಂಟು, ರಾತ್ರಿ ಮಲಗಲು. ಪುಟಾಣಿ ರೆನ್ ಹಕ್ಕಿಗಳು ಒಂದೇ ಪೆಟ್ಟಿಗೆಯಲ್ಲಿ 60ಕ್ಕೂ ಹೆಚ್ಚು ತುಂಬಿಕೊಂಡದ್ದು ಬ್ರಿಟನ್‌ನಲ್ಲಿ ದಾಖಲಾಗಿದೆ. ಮರಿಗಳೆಲ್ಲ ಹಾರಿಹೋದ ಮೇಲೆ, ಚಳಿ ಶುರುವಾಗುವ ಮುಂಚೆ ಹಳೆಯ ಗೂಡನ್ನು ತೆಗೆದು, ಕುದಿಯುವ ನೀರು ಸುರಿದು ಒಣಗಿಸಿ. ಸಾಬೂನು, ಕೀಟನಾಶಕ ಬೇಡ.

ಎಣಿಕೆ ಹೇಗೆ ಮಾಡುವುದು?

ಒಂದೇ ಕ್ಷಣದಲ್ಲಿ ಒಟ್ಟಿಗೆ ಕಂಡ ಗರಿಷ್ಠ ಸಂಖ್ಯೆಯನ್ನು ಬರೆಯಿರಿ. ಮೂರು ಗೊರವಂಕ ಬಂದು ಹೋದವು, ಹತ್ತು ನಿಮಿಷದ ಮೇಲೆ ಐದು ಬಂದವು ಎಂದರೆ ಲೆಕ್ಕ ಐದು, ಎಂಟಲ್ಲ. ಇದರಿಂದ ಒಂದೇ ಹಕ್ಕಿಯನ್ನು ಎರಡು ಸಲ ಎಣಿಸುವುದು ತಪ್ಪುತ್ತದೆ. ಬ್ರಿಟನ್‌ನಲ್ಲಿ 1979ರಿಂದ ಜನವರಿಯಲ್ಲಿ ನಡೆಯುವ ಬಿಗ್ ಗಾರ್ಡನ್ ಬರ್ಡ್‌ವಾಚ್‌ನಲ್ಲಿ ಒಂದು ಗಂಟೆ ಹೀಗೆಯೇ ಎಣಿಸುತ್ತಾರೆ. 1998ರಲ್ಲಿ ಶುರುವಾದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಫೆಬ್ರವರಿಯ ನಾಲ್ಕು ದಿನ ಜಗತ್ತಿನ ಯಾರು ಬೇಕಾದರೂ, ಕನಿಷ್ಠ 15 ನಿಮಿಷ ಎಣಿಸಿ ಪಟ್ಟಿ ಸಲ್ಲಿಸಬಹುದು.

ನಿಮ್ಮ ಪುಸ್ತಕದಲ್ಲಿ ತಾರೀಖು, ಶುರು ಮಾಡಿದ ಹೊತ್ತು, ನೋಡಿದ ನಿಮಿಷ, ಹವೆ, ಹಕ್ಕಿ, ಸಂಖ್ಯೆ ಇಷ್ಟಿರಲಿ. ಏನೂ ಕಾಣದ ದಿನವನ್ನೂ ಬರೆಯಿರಿ. ವಲಸೆಹಕ್ಕಿ ಹೊರಟುಹೋದ ದಿನ ಗೊತ್ತಾಗುವುದು ಆ ಖಾಲಿ ಸಾಲುಗಳಿಂದಲೇ.

ಕಿಟಕಿಯ ಒಳಗಿನಿಂದ ಫೋಟೊ ಚೆನ್ನಾಗಿ ಬರುವುದಿಲ್ಲವಲ್ಲ?

ಗಾಜನ್ನು ಎರಡೂ ಕಡೆ ಒರೆಸಿ, ಲೆನ್ಸನ್ನು ಗಾಜಿಗೆ ತಾಗುವಷ್ಟು ಹತ್ತಿರ, ನೇರವಾಗಿ ಹಿಡಿಯಿರಿ. ಓರೆಯಾದಷ್ಟೂ ಚಿತ್ರ ಮಂಜಾಗುತ್ತದೆ. ಫ್ಲಾಶ್ ಬೇಡ. ಕೂತ ಹಕ್ಕಿಗೆ 1/500 ಸೆಕೆಂಡ್, ಹಾರುವುದಕ್ಕೆ 1/2000 ಅಥವಾ ಇನ್ನೂ ವೇಗ. ಹಕ್ಕಿಯನ್ನು ಹತ್ತಿರ ಕರೆಯಲು ದನಿಮುದ್ರಿಕೆ ಹಾಕಬೇಡಿ. ಎದುರಾಳಿ ಬಂದನೆಂದು ಅದು ಹುಡುಕುತ್ತಾ ಅಲೆಯುತ್ತದೆ, ರಾತ್ರಿಗೆಂದು ಕೂಡಿಟ್ಟ ಕೊಬ್ಬು ಹಗಲಲ್ಲೇ ಕರಗುತ್ತದೆ.

ಚಳಿಗಾಲ ಮುಗಿದ ಮೇಲೆ ಕಾಳು ನಿಲ್ಲಿಸಬೇಕೇ?

ಒಮ್ಮೆಲೇ ಬೇಡ, ಎರಡು ವಾರದಲ್ಲಿ ದಿನಕ್ಕಿಷ್ಟಿಷ್ಟೇ ಕಡಿಮೆ ಮಾಡಿ. ಮರಿಗಳಿಗೆ ಬೇಕಾದ್ದು ಹುಳ, ಇಡಿ ಕಡಲೆಕಾಯಿ ಬೀಜ ಅವುಗಳ ಗಂಟಲಿಗೆ ಸಿಕ್ಕಬಹುದು. ಸೆಖೆಯಲ್ಲಿ ಕಾಳೂ ಬೇಗ ಕೆಡುತ್ತದೆ, ಸೋಂಕೂ ಬೇಗ ಹರಡುತ್ತದೆ. ಫೀಡರನ್ನು ತೊಳೆದು ಒಣಗಿಸಿ ಎತ್ತಿಡಿ. ನೀರಿನ ತಟ್ಟೆ ಮಾತ್ರ ಇದ್ದಲ್ಲೇ ಇರಲಿ, ಬೇಸಿಗೆಯಲ್ಲಿ ಅದನ್ನು ದಿನಕ್ಕೊಮ್ಮೆ ತುಂಬಬೇಕಾಗುತ್ತದೆ.